ಪ್ರಾಪ್ತವಯಸ್ಕರು ಮತ್ತು ಆಟಿಸಂ: ನಿದಾನವನ್ನು ಅರಸಬೇಕೆ?

೧. ಪ್ರಶ್ನೆಯ ಸ್ವರೂಪ

ಕೊಪ್ಪಳದ ಗೃಹಸ್ಥರೊಬ್ಬರು ನಾಲ್ಕು ವರ್ಷದ ಮಗನನ್ನು ವೈದ್ಯರ ಬಳಿಗೆ ಕರೆದೊಯ್ದರೆಂದು ಭಾವಿಸೋಣ. ಹುಡುಗನಿಗೆ ಮಾತು ತಡವಾಗಿದೆ. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಆಟದ ಬಂಡಿಯನ್ನು ಬೋರಲು ಹಾಕಿ ಅದರ ಗಾಲಿಯನ್ನು ಗಂಟೆಗಟ್ಟಲೆ ತಿರುವುತ್ತ ಕೂಡುತ್ತಾನೆ. ವೈದ್ಯರು ಇದು ಆಟಿಸಂ ಎಂದು ತಿಳಿಸಿ, ಅದರ ಲಕ್ಷಣಗಳನ್ನು ಒಂದೊಂದಾಗಿ ವಿವರಿಸುತ್ತ ಹೋಗುತ್ತಾರೆ. ಕೇಳುತ್ತ ಕುಳಿತ ತಂದೆಗೆ ಮಗನ ಚಿತ್ರದ ಹಿಂದೆ ಮತ್ತೊಂದು ಚಿತ್ರ ಮೂಡತೊಡಗುತ್ತದೆ. ಅದು ಅವರದೇ ಬಾಲ್ಯದ ಚಿತ್ರ. ಮದುವೆಯ ಮನೆಯ ಗದ್ದಲವನ್ನು ತಾಳಲಾರದೆ ಹಿತ್ತಲಿಗೆ ಓಡಿದ್ದು, ಜೊತೆಯವರ ಹಾಸ್ಯ ಅರ್ಥವಾಗದೆ ಪೆಚ್ಚಾದದ್ದು, ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿ ಬೈಸಿಕೊಂಡದ್ದು, ಎಲ್ಲವೂ ಅವರ ನೆನಪಿಗೆ ಬರುತ್ತವೆ.

ಈ ಪ್ರಸಂಗ ಕಲ್ಪಿತವಾದರೂ ಅಪೂರ್ವವಾದುದಲ್ಲ. ಮನಶ್ಶಾಸ್ತ್ರದ ಪಾಠವನ್ನು ಕೇಳಿದ ವಿದ್ಯಾರ್ಥಿ, ಪತ್ರಿಕೆಯ ಲೇಖನವನ್ನು ಓದಿದ ಅಧ್ಯಾಪಕಿ, ತಂಗಿಯ ಮಗನ ಆರೈಕೆಗೆ ನಿಂತ ಸೋದರಮಾವ, ಇವರಲ್ಲಿ ಯಾರಿಗಾದರೂ ಇದೇ ಪ್ರಶ್ನೆ ಏಳಬಹುದು: "ನಾನೂ ಹೀಗೆಯೇ ಇರಬಹುದೆ? ಇದ್ದರೆ, ಈ ವಯಸ್ಸಿನಲ್ಲಿ ಅದನ್ನು ತಿಳಿದುಕೊಳ್ಳುವುದರಿಂದ ಆಗುವುದೇನು?" ಈ ಎರಡನೆಯ ಪ್ರಶ್ನೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ಮಾತು. ವೈದ್ಯರು ಸ್ಥಿತಿಯೊಂದನ್ನು ಪರೀಕ್ಷಿಸಿ ಹೆಸರಿಸುವುದಕ್ಕೆ ಕನ್ನಡದಲ್ಲಿ ರೋಗನಿದಾನವೆಂಬ ಪದ ರೂಢಿಯಲ್ಲಿದೆ. ಆಟಿಸಂ ರೋಗವಲ್ಲ, ಹುಟ್ಟಿನೊಂದಿಗೆ ಬಂದು ಬಾಳಿನುದ್ದಕ್ಕೂ ಉಳಿಯುವ ಬೆಳವಣಿಗೆಯ ಭೇದ. ಆದುದರಿಂದ ನಾವು ಇಲ್ಲಿ ನಿದಾನವೆಂಬ ಪದವನ್ನಷ್ಟೇ ಬಳಸುತ್ತೇವೆ. ಸರ್ಕಾರದ ಕಾಗದಪತ್ರಗಳಲ್ಲಿ ಕಾಣುವ 'ಸ್ವಲೀನತೆ' ಎಂಬುದು ಆಟಿಸಮ್ಮಿಗೆ ಪರ್ಯಾಯ ಪದ.

ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸಬಹುದು. ಜನರು ಒಂದೇ ಎಂದು ತಿಳಿದಿರುವ ಈ ನಿರ್ಧಾರದಲ್ಲಿ ವಾಸ್ತವವಾಗಿ ಮೂರು ನಿರ್ಧಾರಗಳು ಅಡಗಿವೆ: ತನ್ನನ್ನು ತಾನು ಅರಿಯುವುದು, ವೈದ್ಯರಿಂದ ನಿದಾನ ಪಡೆಯುವುದು, ಸರ್ಕಾರದಿಂದ ಪ್ರಮಾಣಪತ್ರ ಪಡೆಯುವುದು. ಇವುಗಳ ಪ್ರಯೋಜನ ಬೇರೆ, ತೆರಬೇಕಾದ ಬೆಲೆಯೂ ಬೇರೆ. ಒಂದನ್ನು ಕೈಗೊಂಡವರು ಮುಂದಿನದನ್ನು ಕೈಗೊಳ್ಳಲೇಬೇಕೆಂಬ ನಿಯಮವಿಲ್ಲ.

೨. ಹೆಸರಿನ ಇತಿಹಾಸ

ಇಂದು ನಲವತ್ತು ಐವತ್ತು ವರ್ಷದವರಾಗಿರುವವರನ್ನು ಬಾಲ್ಯದಲ್ಲಿ ಯಾರೂ ಏಕೆ ಗುರುತಿಸಲಿಲ್ಲ ಎಂಬುದಕ್ಕೆ ಉತ್ತರ ಈ ಹೆಸರಿನ ಇತಿಹಾಸದಲ್ಲಿಯೇ ಇದೆ. ಸೋವಿಯತ್ ದೇಶದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ೧೯೨೫ರಲ್ಲಿಯೇ ಇಂಥ ಮಕ್ಕಳನ್ನು ವರ್ಣಿಸಿದ್ದರು. ಅಮೆರಿಕದಲ್ಲಿ ಲಿಯೋ ಕ್ಯಾನರ್ ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್, ಮಾತು ಚೆನ್ನಾಗಿ ಬಂದರೂ ಜನರೊಡನೆ ಬೆರೆಯಲಾರದ ಹುಡುಗರನ್ನು ಕುರಿತು ಬರೆದರು. ಇವರೆಲ್ಲರ ದೃಷ್ಟಿ ಮಕ್ಕಳ ಮೇಲಿತ್ತು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಏನಾದರೆಂಬ ಪ್ರಶ್ನೆ ಬಹುಕಾಲ ಹಿಂದುಳಿಯಿತು. ಅಮೆರಿಕದ ಮನೋವೈದ್ಯ ಸಂಘದ ವರ್ಗೀಕರಣ ಗ್ರಂಥದಲ್ಲಿ ಆಟಿಸಮ್ಮಿಗೆ ಸ್ವತಂತ್ರ ಸ್ಥಾನ ದೊರೆತದ್ದು ೧೯೮೦ರಲ್ಲಿ. ಇಂಗ್ಲೆಂಡಿನ ಲೋರ್ನಾ ವಿಂಗ್ ೧೯೮೧ರಲ್ಲಿ ಬರೆದ ಲೇಖನದಿಂದ ಆಸ್ಪರ್ಗರರ ಕೆಲಸ ಲೋಕಕ್ಕೆ ಪರಿಚಯವಾಗಿ, ಮಾತು ಬುದ್ಧಿಗಳಲ್ಲಿ ಕೊರತೆಯಿಲ್ಲದವರಲ್ಲಿಯೂ ಇದು ಇರಬಹುದೆಂಬ ತಿಳಿವಳಿಕೆ ಹರಡಿತು. ೨೦೧೩ರಲ್ಲಿ ಬೇರೆಬೇರೆ ಹೆಸರುಗಳನ್ನೆಲ್ಲ ಒಂದುಗೂಡಿಸಿ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ವರ್ಗವನ್ನು ಮಾಡಲಾಯಿತು.

ನಮ್ಮ ದೇಶದ ಕಾನೂನು ಇದರ ಹಿಂದೆಯೇ ನಡೆಯಿತು. ೧೯೯೫ರ ಅಂಗವಿಕಲರ ಕಾಯಿದೆಯು ಹೆಸರಿಸಿದ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸದ ಕಾಯಿದೆ ಅದನ್ನು ಮೊದಲು ಹೆಸರಿಸಿತು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ವೈಕಲ್ಯಗಳಲ್ಲಿ ಅದೂ ಒಂದಾಯಿತು. ಹೀಗಿರಲಾಗಿ, ೧೯೮೦ರ ಸುಮಾರಿಗೆ ಯಲಬುರ್ಗಾದ ಶಾಲೆಗೆ ಸೇರಿದ ಹುಡುಗನ ಸ್ಥಿತಿಗೆ ಹೆಸರು ಹೇಳಬಲ್ಲ ಶಿಕ್ಷಕರಾಗಲಿ ವೈದ್ಯರಾಗಲಿ ಇರುವ ಸಂಭವವೇ ಇರಲಿಲ್ಲ. ಆತನಿಗೆ ದೊರೆತದ್ದು ಊರಿನವರು ಕೊಟ್ಟ ವರ್ಣನೆ ಮಾತ್ರ: "ತಾನಾತು, ತನ್ನ ಕೆಲಸಾತು", "ಅಂವ ಮಂದ್ಯಾಗ ಬೆರೆಯಂಗಿಲ್ಲ."

ಇಂಥವರು ಎಷ್ಟು ಮಂದಿ? ೨೦೨೧ರಲ್ಲಿ ಜಗತ್ತಿನ ಸುಮಾರು ೧೨೭ ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ೨೦೧೧ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ೧೩,೮೯,೯೨೦. ಆ ಪ್ರಮಾಣವನ್ನು ಈ ಸಂಖ್ಯೆಗೆ ಅನ್ವಯಿಸಿದರೆ ಹತ್ತು ಹನ್ನೊಂದು ಸಾವಿರವಾಗುತ್ತದೆ. ಇದು ಎಣಿಕೆಯಲ್ಲ, ಬರಿಯ ಗುಣಾಕಾರ ಭಾಗಾಕಾರ. ಆದರೂ ವಿಷಯವು ಬೆರಳೆಣಿಕೆಯ ಜನರಿಗೆ ಸಂಬಂಧಿಸಿದ್ದಲ್ಲವೆಂಬುದು ಇದರಿಂದ ಮನದಟ್ಟಾಗುತ್ತದೆ.

೩. ಲಕ್ಷಣಗಳನ್ನು ನಮ್ಮ ನೆಲದಲ್ಲಿ ಓದುವ ಬಗೆ

ನಿದಾನಕ್ಕೆ ಎರಡು ಬಗೆಯ ಲಕ್ಷಣಗಳು ಕೂಡಿರಬೇಕು. ಮೊದಲನೆಯದು, ಇತರರೊಡನೆ ಮಾತು, ಮುಖಭಾವ, ಸಂಬಂಧಗಳನ್ನು ನಡೆಸಿಕೊಂಡು ಹೋಗುವುದರಲ್ಲಿ ನಿರಂತರವಾದ ತೊಡಕು. ಎರಡನೆಯದು, ಒಂದೇ ರೀತಿಯ ನಡವಳಿಕೆ, ದಿನಚರಿಯಲ್ಲಿ ಬದಲಾವಣೆಯನ್ನು ಸಹಿಸಲಾರದ ಸ್ವಭಾವ, ಒಂದೇ ವಿಷಯದಲ್ಲಿ ಗಾಢವಾದ ಆಸಕ್ತಿ, ಶಬ್ದ, ಬೆಳಕು, ಸ್ಪರ್ಶಗಳಿಗೆ ಮಿತಿಮೀರಿದ ಅಥವಾ ತೀರ ಕಡಮೆಯಾದ ಪ್ರತಿಕ್ರಿಯೆ. ಇವುಗಳ ಬೇರು ಬಾಲ್ಯದಲ್ಲಿಯೇ ಇರಬೇಕು. ಆದರೆ ಬದುಕಿನ ಬೇಡಿಕೆ ವ್ಯಕ್ತಿಯ ಶಕ್ತಿಯನ್ನು ಮೀರುವವರೆಗೆ ಅವು ಪೂರ್ಣವಾಗಿ ಹೊರಗೆ ಕಾಣದಿರಬಹುದು.

ಈ ಕೊನೆಯ ಮಾತು ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಯಲಬುರ್ಗಾದ ಎರೆಹೊಲದಲ್ಲಿ ದುಡಿಯುವವನು, ಭಾಗ್ಯನಗರದ ಮಗ್ಗದ ಮುಂದೆ ಕೂಡುವವನು, ಗಂಗಾವತಿಯ ಅಕ್ಕಿಗಿರಣಿಯ ಲೆಕ್ಕ ಬರೆಯುವವನು, ಇವರಿಗೆ ಹೆಚ್ಚು ಮಾತಿನ ಅಗತ್ಯವಿಲ್ಲ. ಮದುವೆಯ ಮಾತುಕತೆಯನ್ನು ಹಿರಿಯರು ನಡೆಸುತ್ತಾರೆ. ವ್ಯವಹಾರವನ್ನು ಅಣ್ಣ ನೋಡಿಕೊಳ್ಳುತ್ತಾನೆ. ಕೂಡುಕುಟುಂಬವು ಒಬ್ಬನ ಕೊರತೆಯನ್ನು ಹೆಸರಿಡದೆಯೇ ತುಂಬಿಕೊಡುತ್ತದೆ. ಮನೆ ಪಾಲಾದಾಗ, ತಾಯಿ ತೀರಿಕೊಂಡಾಗ, ಅಥವಾ ಲೆಕ್ಕ ಬರೆಯುತ್ತಿದ್ದವನಿಗೆ ಗಿರಾಕಿಗಳೊಡನೆ ದಿನವೆಲ್ಲ ಫೋನಿನಲ್ಲಿ ಮಾತಾಡುವ ಕೆಲಸ ಬಿದ್ದಾಗ, ಅದುವರೆಗೆ ಮುಚ್ಚಿದ್ದ ತೊಡಕು ಒಮ್ಮೆಲೇ ಬಯಲಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮರೆ ಇನ್ನೂ ದಪ್ಪ. ಮಾತು ಕಡಮೆಯಾದ ಹುಡುಗಿಯನ್ನು ನಮ್ಮ ಸಮಾಜ ಸಂಶಯಿಸುವುದಿಲ್ಲ, ಹೊಗಳುತ್ತದೆ. ಆಕೆ ಓರಗೆಯವರನ್ನು ನೋಡಿ ಎಲ್ಲಿ ನಗಬೇಕು, ಯಾರನ್ನು ಯಾವಾಗ ವಿಚಾರಿಸಬೇಕು ಎಂಬುದನ್ನು ಪಾಠದಂತೆ ಕಲಿತು ಒಪ್ಪಿಸುತ್ತಾಳೆ. ಸಂಜೆಗೆ ಆಕೆಗೆ ಉಂಟಾಗುವ ಬಳಲಿಕೆಯ ಕಾರಣ ಯಾರಿಗೂ, ಪ್ರಾಯಶಃ ಆಕೆಗೂ, ತಿಳಿಯುವುದಿಲ್ಲ. ಹೀಗೆ ಮರೆಮಾಚಿ ಬದುಕುವವರಲ್ಲಿ ಆತಂಕ, ಖಿನ್ನತೆಗಳು ಸಾಮಾನ್ಯವೆಂದು ಸಂಶೋಧನೆಗಳು ತಿಳಿಸುತ್ತವೆ. ಅನೇಕರು ಮೊದಲು ವೈದ್ಯರ ಬಳಿಗೆ ಹೋಗುವುದು ಆ ಕಾರಣಕ್ಕಾಗಿಯೇ.

ಇದಕ್ಕೆ ವಿರುದ್ಧವಾದ ಎಚ್ಚರವೂ ಅವಶ್ಯ. ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು ಪಾಶ್ಚಾತ್ಯ ಗ್ರಂಥಗಳಲ್ಲಿ ಮುಖ್ಯ ಲಕ್ಷಣ. ನಮ್ಮ ಹಳ್ಳಿಗಳಲ್ಲಿ ಹಿರಿಯರೆದುರು ತಲೆ ತಗ್ಗಿಸುವುದು ಮರ್ಯಾದೆ. ೨೦೦೧ರಲ್ಲಿ ಕೇಂಬ್ರಿಜಿನಲ್ಲಿ ಸಿದ್ಧವಾದ ಐವತ್ತು ಅಂಶಗಳ ಪ್ರಶ್ನಾವಳಿಯೊಂದು ವಯಸ್ಕರಲ್ಲಿ ಬಹಳ ಬಳಕೆಯಲ್ಲಿದೆ. ನಾಟಕಶಾಲೆ, ವಸ್ತುಸಂಗ್ರಹಾಲಯಗಳಲ್ಲಿ ಯಾವುದಕ್ಕೆ ಹೋಗಲು ಇಷ್ಟ ಎಂಬುದು ಅದರ ಒಂದು ಅಂಶ. ಕುಷ್ಟಗಿಯ ಹಳ್ಳಿಯೊಂದರಲ್ಲಿ ಬಯಲಾಟ ನೋಡಿ ಬೆಳೆದು, ವಸ್ತುಸಂಗ್ರಹಾಲಯದ ಬಾಗಿಲನ್ನೇ ಕಾಣದವರ ಉತ್ತರ ಅವರ ಸ್ವಭಾವವನ್ನು ತಿಳಿಸುವುದಿಲ್ಲ. ಅವರಿಗೆ ದೊರೆತ ಅವಕಾಶವನ್ನು ತಿಳಿಸುತ್ತದೆ. ಇಂಥ ಪ್ರಶ್ನಾವಳಿಗಳ ಅಂಕ ಮುಂದಿನ ಪರೀಕ್ಷೆಗೆ ಸೂಚನೆಯಾಗಬಲ್ಲುದೇ ಹೊರತು ನಿದಾನವಾಗಲಾರದು. ನಾಚಿಕೆ, ಕಿವಿಯ ಮಂದತೆ, ಖಿನ್ನತೆ, ಬಾಲ್ಯದ ಕಷ್ಟನಿಷ್ಠುರಗಳು ಸಹ ಮನುಷ್ಯನನ್ನು ಒಂಟಿಯಾಗಿಸುತ್ತವೆ. ಗವಿಸಿದ್ಧೇಶ್ವರ ಜಾತ್ರೆಯ ಜನಸಾಗರದಲ್ಲಿ ತಲೆ ಸಿಡಿಯಿತೆಂದ ಮಾತ್ರಕ್ಕೆ ಯಾರೂ ಆಟಿಸ್ಟಿಕ್ ಆಗುವುದಿಲ್ಲ. ಬಾಲ್ಯದಿಂದಲೂ, ಮನೆ ಶಾಲೆ ಕೆಲಸಗಳೆಂಬ ಎಲ್ಲ ಕಡೆಯಲ್ಲಿಯೂ, ಎರಡೂ ಬಗೆಯ ಲಕ್ಷಣಗಳು ಬೆನ್ನುಹತ್ತಿ ಬಂದಿವೆಯೆ ಎಂಬುದೇ ಕೇಳಬೇಕಾದ ಪ್ರಶ್ನೆ.

೪. ಮೂರು ಮೆಟ್ಟಿಲುಗಳು

ಮೊದಲನೆಯ ಮೆಟ್ಟಿಲು ಆತ್ಮಪರಿಶೀಲನೆ. ಓದುವುದು, ಬಾಲ್ಯದ ನೆನಪುಗಳನ್ನು ಬರೆದಿಡುವುದು, ಯಾವ ಸನ್ನಿವೇಶ ದಣಿಸುತ್ತದೆ, ಯಾವುದು ನೆಮ್ಮದಿ ಕೊಡುತ್ತದೆ ಎಂದು ಗಮನಿಸುವುದು, ಇದಕ್ಕೆ ಯಾರ ಅಪ್ಪಣೆಯೂ ಬೇಡ. ಗದ್ದಲದಿಂದ ದೂರ ಕೂಡುವುದು, ಕೆಲಸದ ಸೂಚನೆಗಳನ್ನು ಬರಹದಲ್ಲಿ ಕೇಳುವುದು ಮೊದಲಾದ ಉಪಾಯಗಳಿಂದ ಪ್ರಯೋಜನವಾದರೆ, ಹೆಸರು ಯಾವುದಾದರೂ ಆ ಪ್ರಯೋಜನ ನಿಜವೇ. ಅನೇಕರಿಗೆ ಇಷ್ಟೇ ಸಾಕಾಗಬಹುದು. ಇದರ ಅಪಾಯವೆಂದರೆ, ಚಿಕಿತ್ಸೆಯಿಂದ ಗುಣವಾಗಬಹುದಾದ ಖಿನ್ನತೆಯನ್ನು ಸ್ವಭಾವವೆಂದು ತಿಳಿದು ಸುಮ್ಮನಿದ್ದುಬಿಡುವುದು.

ಎರಡನೆಯದು ವೈದ್ಯಕೀಯ ನಿದಾನ. ಆಟಿಸಮ್ಮನ್ನು ತೋರಿಸುವ ರಕ್ತಪರೀಕ್ಷೆಯಿಲ್ಲ, ಮಿದುಳಿನ ಚಿತ್ರವೂ ಇಲ್ಲ. ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ದೀರ್ಘವಾದ ಸಂದರ್ಶನ, ನೇರ ಅವಲೋಕನ ಮತ್ತು ಬಾಲ್ಯವನ್ನು ಬಲ್ಲವರ ಹೇಳಿಕೆಗಳಿಂದ ತೀರ್ಮಾನಕ್ಕೆ ಬರುತ್ತಾರೆ. ತಾಯಿಯಾಗಲಿ ಹಿರಿಯಕ್ಕನಾಗಲಿ ಜೊತೆಗೆ ಬಂದರೆ ಅನುಕೂಲ. ಅವರು ಓದುಬರಹ ತಿಳಿಯದವರಾದರೂ ಚಿಂತೆಯಿಲ್ಲ. ಮಗು ಯಾವಾಗ ಮಾತಾಡಿತು, ಯಾರೊಡನೆ ಆಡಿತು, ಯಾವುದಕ್ಕೆ ಹಟ ಹಿಡಿಯಿತು ಎಂಬುದು ಅವರ ನೆನಪಿನಲ್ಲಿ ಖಚಿತವಾಗಿರುತ್ತದೆ.

ಎಲ್ಲಿಗೆ ಹೋಗಬೇಕು? ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೮೦ರ ದಶಕದಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ನಮ್ಮ ಭಾಗದವರು ತಿಳಿಯಬೇಕಾದ ವಿಷಯ. ಆದರೆ ಅದರ ಗುರಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗಗಳಾಗಿದ್ದವು. ವಯಸ್ಕರ ಆಟಿಸಮ್ಮಿಗೆ ಬೇಕಾಗುವ ಬಿಡುವಿನ ಸಂದರ್ಶನ ಅಂಥ ಹೊರರೋಗಿ ವಿಭಾಗದ ಸಾಲಿನಲ್ಲಿ ಸುಲಭವಲ್ಲ. ಕೊಪ್ಪಳದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯರನ್ನು ಮೊದಲು ಕಂಡು, ಅವರ ಸಲಹೆಯ ಪತ್ರದೊಡನೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಹೋಗುವುದು ಕ್ರಮವಾದ ದಾರಿ. ೨೦೨೫ರಲ್ಲಿ ತಳಕಲ್–ಕುಷ್ಟಗಿ ರೈಲುಮಾರ್ಗ ತೆರೆದ ಮೇಲೆ ಕುಷ್ಟಗಿ, ಯಲಬುರ್ಗಾಗಳಿಂದಲೂ ಹುಬ್ಬಳ್ಳಿಗೆ ರೈಲು ದೊರೆತಿದೆ. ಆದರೂ ಒಂದೇ ಭೇಟಿಯಲ್ಲಿ ಕೆಲಸ ಮುಗಿಯದು. ದಿನಗೂಲಿಯ ನಷ್ಟ, ಪ್ರಯಾಣದ ವೆಚ್ಚ, ಜೊತೆಗೆ ಬರುವವರ ತೊಂದರೆ, ಇವನ್ನೆಲ್ಲ ಲೆಕ್ಕ ಹಿಡಿಯಬೇಕು. ಮನಸ್ಸಿನ ಸಂಕಟ ಕೂಡಲೆ ನೆರವು ಬೇಡುವಂತಿದ್ದರೆ ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸಂಖ್ಯೆ ೧೪೪೧೬ಕ್ಕೆ ಮನೆಯಿಂದಲೇ ಕರೆಮಾಡಬಹುದು.

ಮೂರನೆಯದು ಪ್ರಮಾಣಪತ್ರ. ೩೭೧(ಜೆ) ಪ್ರಮಾಣಪತ್ರಕ್ಕಾಗಿ ಕಚೇರಿಗಳನ್ನು ಸುತ್ತಿದ ನಮ್ಮ ವಿದ್ಯಾರ್ಥಿಗಳಿಗೆ ಕಾಗದದ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅರಿಯಬೇಕಾದ ಅಂಶವೆಂದರೆ, ನಿದಾನ ದೊರೆತವರಿಗೆಲ್ಲ ಪ್ರಮಾಣಪತ್ರ ದೊರೆಯುವುದಿಲ್ಲ. ವೈಕಲ್ಯದ ಪ್ರಮಾಣವನ್ನು ಅಳೆಯಲು ೨೦೦೯ರಲ್ಲಿ ಹೊರಬಂದ ಭಾರತೀಯ ಆಟಿಸಂ ಮಾಪನವನ್ನು ಬಳಸುತ್ತಾರೆ. ಅದರಲ್ಲಿ ನಲವತ್ತು ಅಂಶಗಳಿದ್ದು, ಪ್ರತಿಯೊಂದಕ್ಕೂ ೧ರಿಂದ ೫ರವರೆಗೆ ಅಂಕ. ಮೊತ್ತ ೭೦ಕ್ಕಿಂತ ಕಡಮೆಯಿದ್ದರೆ ಆಟಿಸಂ ಇಲ್ಲವೆಂದೇ ಆ ಮಾಪನ ಎಣಿಸುತ್ತದೆ. ಮಕ್ಕಳನ್ನು ಮುಖ್ಯವಾಗಿ ಲಕ್ಷ್ಯದಲ್ಲಿಟ್ಟು ರಚಿಸಿದ ಈ ಮಾಪನದಲ್ಲಿ, ಉದ್ಯೋಗ ಮಾಡಿಕೊಂಡು, ತೊಡಕನ್ನು ಮರೆಮಾಚಲು ಕಲಿತ ವಯಸ್ಕರ ಅಂಕ ಕೆಳಗಿಳಿಯುವುದು ಅಸಂಭವವಲ್ಲ. ಅಂಥವರು ವೈದ್ಯರ ದೃಷ್ಟಿಯಲ್ಲಿ ಆಟಿಸ್ಟಿಕ್ ಆಗಿದ್ದು, ಸರ್ಕಾರದ ದೃಷ್ಟಿಯಲ್ಲಿ ಆಗದೆ ಉಳಿಯಬಹುದು.

ಶೇಕಡಾ ೪೦ ಅಥವಾ ಹೆಚ್ಚಿನ ವೈಕಲ್ಯ ಪ್ರಮಾಣಿತವಾದರೆ ಸೌಲಭ್ಯಗಳು ಗಣನೀಯವಾಗಿವೆ. ೨೦೧೬ರ ಕಾಯಿದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ ಐದಕ್ಕೆ ಕಡಮೆಯಾಗದಷ್ಟು ಸ್ಥಾನಗಳು ಇಂಥ ವಿಕಲಚೇತನರಿಗೆ ಮೀಸಲು. ಸರ್ಕಾರಿ ಹುದ್ದೆಗಳ ಶೇಕಡಾ ನಾಲ್ಕರ ಮೀಸಲಾತಿಯಲ್ಲಿ ಶೇಕಡಾ ಒಂದು ಭಾಗವನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ವೈಕಲ್ಯ, ಮನೋರೋಗ ಹಾಗೂ ಬಹುವೈಕಲ್ಯ ಉಳ್ಳವರು ಹಂಚಿಕೊಳ್ಳುತ್ತಾರೆ. ೨೦೧೮ರ ಆಗಸ್ಟಿನ ಮಾರ್ಗಸೂಚಿಯು ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲದ ಹೆಚ್ಚುವರಿ ಕಾಲವನ್ನು ವಿಧಿಸಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚಾಗುತ್ತದೆ. ಶೇಕಡಾ ೪೦ಕ್ಕಿಂತ ಕಡಮೆಯಿದ್ದರೂ ಬರವಣಿಗೆಯಲ್ಲಿ ತೊಡಕಿರುವವರಿಗೆ, ೨೦೨೧ರ ಫೆಬ್ರವರಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ, ೨೦೨೨ರ ಆಗಸ್ಟಿನಲ್ಲಿ ಬೇರೆ ಮಾರ್ಗಸೂಚಿ ಬಂದಿತು.

೫. ಲಾಭನಷ್ಟಗಳ ತೂಕ

ನಿದಾನವನ್ನು ಪಡೆದ ವಯಸ್ಕರು ಮುಖ್ಯವಾಗಿ ಹೇಳುವ ಲಾಭ ಹಣದ್ದೂ ಅಲ್ಲ, ಹುದ್ದೆಯದೂ ಅಲ್ಲ. "ನಾನು ಸೊಕ್ಕಿನವನಲ್ಲ, ಸೋಮಾರಿಯಲ್ಲ, ನನಗೆ ಕಷ್ಟವಾದದ್ದು ನಿಜವಾಗಿಯೂ ಕಷ್ಟವಾಗಿತ್ತು" ಎಂಬ ಸಮಾಧಾನವೇ ಅದು. ಇದರೊಡನೆ ದುಃಖವೂ ಬರುತ್ತದೆ: ಮೊದಲೇ ತಿಳಿದಿದ್ದರೆ ಎಂಬ ಹಳಹಳಿಕೆ. ಆಟಿಸಮ್ಮಿನ ಮೂಲಲಕ್ಷಣಗಳನ್ನು ನೀಗುವ ಔಷಧವಿಲ್ಲ. ಗುಣಪಡಿಸುವೆವೆಂದು ಹಣ ಕೇಳುವವರನ್ನು ದೂರವಿಡಬೇಕು. ಪರೀಕ್ಷೆಯ ಕೊನೆಗೆ "ಇದು ಆಟಿಸಂ ಅಲ್ಲ" ಎಂಬ ಉತ್ತರ ಬಂದರೆ ಅದನ್ನು ಕೇಳುವ ಸಿದ್ಧತೆಯೂ ಇರಬೇಕು. ಆಗಲೂ ಹೋದದ್ದು ವ್ಯರ್ಥವಲ್ಲ; ಕಷ್ಟದ ಬೇರೆ ಕಾರಣ ತಿಳಿದಂತಾಯಿತು.

ನಷ್ಟದ ಭಯಗಳಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡದು ಮದುವೆಯದು, ಅದೂ ತನ್ನದಷ್ಟೇ ಅಲ್ಲ, ತಂಗಿಯದು, ತಮ್ಮನದು. ಬೀಗತನ ಬೆಳೆಸುವವರು ಮನೆತನವನ್ನು ವಿಚಾರಿಸುವ ಕಡೆ ಆಸ್ಪತ್ರೆಯ ಚೀಟಿಯೊಂದು ಏನು ಮಾಡಬಲ್ಲುದೆಂಬುದನ್ನು ನಾವು ಬಲ್ಲೆವು. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅದರೊಡನೆ ಬದುಕಬೇಕಾದವರಿಗೆ ಅದು ನಿಜವಾದದ್ದು. ಇಲ್ಲಿ ಎರಡು ಸಂಗತಿಗಳು ಉಪಯುಕ್ತ. ವೈದ್ಯರ ಬಳಿ ಆಡಿದ ಮಾತನ್ನು ಗುಟ್ಟಾಗಿಡುವುದು ಅವರ ವೃತ್ತಿಧರ್ಮ; ನಿದಾನ ಪಡೆದವರು ಅದನ್ನು ಊರಿಗೆ ಸಾರಬೇಕಾಗಿಲ್ಲ. ಮತ್ತು ಆಟಿಸಂ ಇದೆಯೆಂದ ಮಾತ್ರಕ್ಕೆ ಯಾರ ಕಾನೂನುಬದ್ಧ ಯೋಗ್ಯತೆಯೂ ಕುಂದುವುದಿಲ್ಲ. ೨೦೧೬ರ ಕಾಯಿದೆಯ ೧೩ನೆಯ ಪ್ರಕರಣವು ಆಸ್ತಿ ಹೊಂದುವ, ಹಣಕಾಸು ನಡೆಸುವ ಸಮಾನ ಹಕ್ಕನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಬಾಳಸಂಗಾತಿಯಾಗುವವರಿಂದ ಮುಚ್ಚಿಡುವುದು ಬೇರೆಯೇ ವಿಷಯ; ಅಲ್ಲಿ ಪ್ರಾಮಾಣಿಕತೆಯೇ ಇಬ್ಬರಿಗೂ ಕ್ಷೇಮವೆಂದು ನಮ್ಮ ಅಭಿಪ್ರಾಯ.

ಹೆಸರಿಗಿಂತ ನೆರೆಹೊರೆ ದೊಡ್ಡದೆಂಬುದಕ್ಕೆ ಒಂದು ನಿದರ್ಶನವಿದೆ. ಕ್ಯಾನರ್ ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್. ೧೯೩೩ರಲ್ಲಿ ಹುಟ್ಟಿದ ಇವರು ಅಮೆರಿಕದ ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬಾಳಿ, ಪದವಿ ಪಡೆದು, ಮನೆತನಕ್ಕೆ ಸಂಬಂಧಿಸಿದ ಬ್ಯಾಂಕಿನಲ್ಲಿ ಕೆಲಸಮಾಡಿ, ೨೦೨೩ರಲ್ಲಿ ತೀರಿಕೊಂಡರು. ಮನೆಯಲ್ಲಿ ಅನುಕೂಲವಿತ್ತು ಎಂಬುದು ನಿಜ. ಆದರೆ ಊರಿನವರು ಅವರ ವಿಚಿತ್ರಗಳನ್ನು ಬಲ್ಲವರಾಗಿ, ಅವರನ್ನು ತಮ್ಮವರೆಂದು ಕಾಪಾಡಿದರು. ನಮ್ಮ ಹಳ್ಳಿಗಳಲ್ಲಿಯೂ ಇಂಥ ಆದರ ಉಂಟು. ಅದು ಅಳಿಯುತ್ತಿರುವ ಕಡೆಗಳಲ್ಲಿ ಹೆಸರಿನ ಅಗತ್ಯ ಹೆಚ್ಚುತ್ತಿದೆ.

೬. ಕಾಲೇಜುಗಳ ಹೊಣೆ

ಅಧ್ಯಾಪಕರು ನಿದಾನ ಮಾಡತಕ್ಕವರಲ್ಲ. "ನಿನಗೆ ಆಟಿಸಂ ಇರಬೇಕು" ಎಂದು ವಿದ್ಯಾರ್ಥಿಗೆ ಹೇಳುವುದು ಅನುಚಿತ, ತರಗತಿಯ ಎದುರು ಹೇಳುವುದಂತೂ ಅಪರಾಧಕ್ಕೆ ಸಮಾನ. ಆದರೆ ವಿದ್ಯಾರ್ಥಿಯೇ ಬಂದು ಕೇಳಿದಾಗ "ಅದೆಲ್ಲ ಏನೂ ಇಲ್ಲ, ಧೈರ್ಯವಾಗಿರು" ಎಂದು ಕಳುಹಿಸುವುದೂ ಸರಿಯಲ್ಲ. ಕೇಳುವಷ್ಟು ಧೈರ್ಯ ಕೂಡಿಸಲು ಅವನಿಗೆ ವರ್ಷವೇ ಹಿಡಿದಿರಬಹುದು. ಪ್ರಮಾಣಪತ್ರವಿಲ್ಲದೆಯೂ ಕಾಲೇಜು ಮಾಡಬಹುದಾದ ಕೆಲಸಗಳಿವೆ: ಸೂಚನೆಗಳನ್ನು ಬರಹದಲ್ಲಿ ಕೊಡುವುದು, ವೇಳಾಪಟ್ಟಿಯ ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವುದು, ಮೌಖಿಕ ಪರೀಕ್ಷೆಯ ಕ್ರಮವನ್ನು ಮೊದಲೇ ವಿವರಿಸುವುದು, ವಾಚನಾಲಯದ ಒಂದು ಮೂಲೆಯನ್ನು ಸದ್ದಿಲ್ಲದೆ ಕಾಯ್ದಿಡುವುದು. ಇವುಗಳಿಂದ ಉಳಿದವರಿಗೂ ಹಿತವೇ ಹೊರತು ಹಾನಿಯಿಲ್ಲ.

ನಿರ್ಧಾರದ ಮುಂದೆ ನಿಂತವರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಹೀಗೆ ಸಂಗ್ರಹಿಸಬಹುದು: ಉತ್ತರ ನನಗೆ ಯಾವ ಕೆಲಸಕ್ಕೆ ಬೇಕು? ಅದನ್ನು ಯಾರು ಯಾರು ತಿಳಿಯಬೇಕು? ಈಗಿನ ಕಷ್ಟ ಹೆಸರಿಲ್ಲದೆಯೇ ನೀಗಬಲ್ಲುದೆ? ಪರೀಕ್ಷೆ, ಉದ್ಯೋಗ, ಸೌಲಭ್ಯಗಳ ಅಗತ್ಯವಿದ್ದರೆ ಮೂರನೆಯ ಮೆಟ್ಟಿಲಿನವರೆಗೆ ಹೋಗಬೇಕು, ತಡಮಾಡಬಾರದು. ಬಹುಕಾಲದ ಆತಂಕ ಖಿನ್ನತೆಗಳ ಮೂಲ ತಿಳಿಯಬೇಕಾಗಿದ್ದರೆ ಎರಡನೆಯದು ಸಾರ್ಥಕ. ತನ್ನ ಬಾಳು ತನಗೆ ಅರ್ಥವಾದರೆ ಸಾಕೆನ್ನುವವರು ಮೊದಲನೆಯದರಲ್ಲಿಯೇ ನಿಲ್ಲಬಹುದು, ಮುಂದೆಂದಾದರೂ ಮನಸ್ಸು ಬದಲಾಯಿಸಲೂ ಬಹುದು. ಯಾವ ಮೆಟ್ಟಿಲಿನಲ್ಲಿ ನಿಂತರೂ ಅದು ಅವರ ಸ್ವಂತ ತೀರ್ಮಾನವಾಗಿರಬೇಕು. ಆರಂಭದಲ್ಲಿ ಹೇಳಿದ ತಂದೆ ತಮಗಾಗಿ ಏನನ್ನೇ ನಿಶ್ಚಯಿಸಲಿ, ಮಗನನ್ನು ನೋಡುವ ಅವರ ದೃಷ್ಟಿ ಆ ದಿನವೇ ಬದಲಾಗಿರುತ್ತದೆ. ತಾನು ಹಿತ್ತಲಿಗೆ ಓಡಿದ್ದೇಕೆಂದು ಬಲ್ಲವರು, ಮಗ ಓಡಿದಾಗ ಬೈಯಲಾರರು.